ಅಡ್ಡರಸ್ತೆಯ ಸಾಮಾನು ಕಪಾಟು: ಈವರೆಗೆ ಆಗಿರುವುದು, ಬಾಕಿ ಇರುವುದು

ಮೈಸೂರಿನ ನಮ್ಮ ಅಡ್ಡರಸ್ತೆಯ ಮನೆಗಳವರು ಹಂಚಿಕೊಂಡು ಬಳಸಲು ಸೇರಿ ಮಾಡಿಕೊಂಡ ಕಪಾಟಿನಲ್ಲಿ ಸದ್ಯ ಹ್ಯಾಮರ್ ಡ್ರಿಲ್ (ಬಿಟ್ ಹಿಡಿಯುವ ಬಾಯಿ, ಅಂದರೆ ಚಕ್, 13 ಮಿ.ಮೀ.), 4 ಇಂಚಿನ ಗ್ರೈಂಡರ್, 14 ಇಂಚಿನ ಪೈಪ್ ರೆಂಚ್, 20 ಮೀಟರ್ ಎಕ್ಸ್‌ಟೆನ್ಷನ್ ವೈರ್, ಹಾರೆ, ಗುದ್ದಲಿ, ಪಿಕಾಸಿ ಇವೆ. 8 ಅಡಿ ಏಣಿ ಕಪಾಟಿನ ಪಕ್ಕದ ಗೋಡೆಗೆ.

ಸವೆಯುವುದೆಲ್ಲ ಆಯಾ ಮನೆಯ ಸ್ವಂತದ್ದು: ಡ್ರಿಲ್ ಬಿಟ್, ಕಟಿಂಗ್ ವೀಲ್, ಹ್ಯಾಕ್ಸಾ ಬ್ಲೇಡ್, ಗಿಟ್ಟಿ (ಗೋಡೆಯ ತೂತಿಗೆ ಸ್ಕ್ರೂ ಕೂರಿಸಲು ಹಾಕುವ ತುಂಡು), ಸ್ಕ್ರೂ. ಮಿಷನ್ ಮಾತ್ರ ಎಲ್ಲರದು. ಈ ಗೆರೆ ಎಳೆದ ಮೇಲೆ ಅರ್ಧ ತಕರಾರು ನಿಂತಿತು. ಬಿಟ್ಟೂ ಎಲ್ಲರದಾದರೆ, 6 ಮಿ.ಮೀ. ಬಿಟ್ ಯಾರ ಕೈಯಲ್ಲಿ ಮೊಂಡಾಯಿತು ಎಂದು ಹೇಳಲಾಗದು, ಕೇಳಲು ಸಂಕೋಚ. ಕೇಳದೆ ಬಿಟ್ಟರೆ ಒಳಗೊಳಗೇ ಮನಸ್ತಾಪ.

ಚಕ್ ಬಿಗಿಮಾಡುವ, ಸಡಿಲಿಸುವ ಚಕ್ ಕೀ ಕಳೆದುಹೋಗುವುದು ಎಲ್ಲ ಕಡೆ ಇದ್ದದ್ದೇ. ಅದನ್ನು ಡ್ರಿಲ್ಲಿನ ವೈರಿನ ಪ್ಲಗ್ ತುದಿಗೆ ದಾರದಲ್ಲಿ ಕಟ್ಟಿದ್ದೇವೆ. ಕೀ ಚಕ್‌ಗೆ ಎಟುಕಬೇಕಾದರೆ ಪ್ಲಗ್ ಕೀಳಲೇಬೇಕು, ಬಿಟ್ ಬದಲಿಸುವಾಗ ಮಿಷನ್ ತಿರುಗುವ ಭಯವೂ ಇಲ್ಲ.

ಕೊಡುವಾಗ ಮತ್ತು ವಾಪಸ್ ತರುವಾಗ ಎರಡೂ ಮನೆಯವರು ಎದುರುಬದುರು ನಿಂತು ಡ್ರಿಲ್ಲನ್ನು ಅರ್ಧ ನಿಮಿಷ ಓಡಿಸಿ ನೋಡುತ್ತಾರೆ. ಗೇಟಿನ ಬಳಿ ಇಟ್ಟುಹೋಗುವಂತಿಲ್ಲ. ಗಾಳಿ ಕಿಂಡಿಯಲ್ಲಿ ಕಿಡಿ ಜಾಸ್ತಿಯಾಗಿದ್ದರೆ ಸಾಮಾನ್ಯವಾಗಿ ಕಾರ್ಬನ್ ಬ್ರಷ್ (ತಿರುಗುವ ಮೋಟರಿಗೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿರುತ್ತದೆ. ಅದು ಎಲ್ಲರ ಬಳಕೆಯ ಸವೆತ, ಎಲ್ಲ ಮನೆಗಳ ಪಾಲು ಸೇರಿದ ನಿಧಿಯಿಂದ ಜೋಡಿಯಾಗಿಯೇ ಬದಲಿಸುತ್ತೇವೆ. ಸುಟ್ಟ ವಾಸನೆ ಬಂದರೆ ವೈಂಡಿಂಗ್ (ಮೋಟರಿನೊಳಗಿನ ತಂತಿ ಸುರುಳಿ) ಕಾದಿದೆ ಎಂದರ್ಥ. ಕಾಂಕ್ರೀಟ್ ಬೀಮಿಗೆ ಬಿಟ್ ಇಟ್ಟು ಮೈಭಾರ ಹಾಕಿ ಒತ್ತಿದಾಗ ಆಗುವುದು ಇದೇ. ಆಗಾಗ ಬಿಟ್ ಹೊರಗೆಳೆದು ಪುಡಿ ತೆಗೆದು, ಮಿಷನ್ ಆರಲು ಬಿಡಬೇಕು. ವೈಂಡಿಂಗ್ ರಿಪೇರಿಗೆ ಬಳಸಿದ ಮನೆ ಅರ್ಧ, ನಿಧಿ ಅರ್ಧ. ಪೂರ್ತಿ ಹೊರೆ ಕೊನೆಯವರ ಮೇಲೆ ಹಾಕುವುದು ನ್ಯಾಯವಲ್ಲ, ಹಿಂದಿನವರು ಕಾಯಿಸಿದ್ದರಿಂದಲೂ ಅದು ಸೋತಿರಬಹುದು.

ಟೈಲ್ಸ್ ಕೊರೆಯುವಾಗ ಹ್ಯಾಮರ್ (ಡ್ರಿಲ್ಲಿನ ಗುದ್ದುವ ಚಲನೆ) ಆಫ್, ಮೇಲೆ ಮಾಸ್ಕಿಂಗ್ ಟೇಪ್. ಹೊಳಪಿನ ಪದರ ದಾಟಿ ಗೋಡೆ ಸಿಕ್ಕಿದ ಮೇಲೆ ಹ್ಯಾಮರ್. ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಬೇಕು, ಸುತ್ತಿದ ಹಾಗೇ ಬಳಸಿದರೆ ಕಾಯುತ್ತದೆ. ಗ್ರೈಂಡರನ್ನು ಗಾರ್ಡ್ (ವೀಲಿನ ಮೇಲಿನ ರಕ್ಷಣೆಯ ಮುಚ್ಚಳ) ಇಲ್ಲದೆ ಯಾರಿಗೂ ಕೊಡುವುದಿಲ್ಲ, ಎಷ್ಟೇ ಬೇಕಾದವರಿರಲಿ. ತಂದ ವೀಲಿನ ಮೇಲೆ ಬರೆದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ವೇಗ) ಮಿಷನ್ನಿನದಕ್ಕಿಂತ ಕಡಿಮೆಯಿದ್ದರೆ ಅದನ್ನು ಹಾಕಬಾರದು. ಸರ್ವಿಸ್ ವೈರಿನ (ಕಂಬದಿಂದ ಮನೆಗೆ ಬರುವ ಕರೆಂಟ್ ವೈರಿನ) ಹತ್ತಿರದ ಕೆಲಸಕ್ಕೆ ಏಣಿ ಕೊಡುವುದಿಲ್ಲ, ಏಣಿ ಅಲ್ಯೂಮಿನಿಯಂನದು.

ಬೇಸಿಗೆಯಲ್ಲಿ ಗುದ್ದಲಿಯ ಕಾವು (ಮರದ ಹಿಡಿ) ಒಣಗಿ ಸಡಿಲವಾಗುತ್ತದೆ. ನೀರಲ್ಲಿ ನೆನೆಸಿದರೆ ಬಿಗಿಯಾದಂತೆ ಕಂಡರೂ ಒಣಗಿದ ಮೇಲೆ ಮತ್ತೆ ಅಲುಗುತ್ತದೆ. ಮರದ ಬೆಣೆ ಹೊಡೆಯುವುದೇ ಸರಿ. ಕಬ್ಬಿಣಕ್ಕೆ ಹೊಲಿಗೆ ಮಿಷನ್ ಎಣ್ಣೆ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ವರ್ಷದ ಲೆಕ್ಕ ತಪಾಸಣೆಗೆ ಆಯುಧಪೂಜೆಯ ಹಿಂದಿನ ಸಂಜೆ ಗೊತ್ತುಮಾಡಿದ್ದೇವೆ. ಪೂಜೆಗೆ ಎಲ್ಲ ಸಾಮಾನೂ ಕಪಾಟಿಗೆ ಬರಲೇಬೇಕು, ಆ ದಿನ ಯಾರೂ ಬಳಸುವುದೂ ಇಲ್ಲ. ಬಾಕಿ ಇರುವುದು: ಏಣಿಯ ಒಂದು ಕಾಲಿನ ರಬ್ಬರ್ ಬೂಟು, ಮತ್ತು ಬಾಡಿಗೆ ಮನೆಯವರು ಖಾಲಿ ಮಾಡಿಹೋಗುವಾಗ ಅವರ ಪಾಲಿನ ಹಣ ಎಷ್ಟು ವಾಪಸ್ ಕೊಡಬೇಕು ಎಂಬ ತೀರ್ಮಾನ.