ನವಸಾಗರದೊಳಗಿನ ಎರಡು ಬಗೆಯ ಬಂಧ

ಲೋಹವೂ ಅಲೋಹವೂ ಕೂಡಿದರೆ ಅಯಾನಿಕ ಬಂಧ (ವಿರುದ್ಧ ಆವೇಶದ ಕಣಗಳ, ಅಂದರೆ ಅಯಾನುಗಳ, ಸೆಳೆತ), ಅಲೋಹಗಳೇ ಕೂಡಿದರೆ ಸಹವೇಲೆನ್ಸೀಯ ಬಂಧ (ಇಲೆಕ್ಟ್ರಾನ್‌ಗಳ ಹಂಚಿಕೆ) ಎಂಬ ಸೂತ್ರವನ್ನು ಹೈಸ್ಕೂಲಿನ ಮಕ್ಕಳು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಪರೀಕ್ಷೆಗೆ ಅದು ಬಹುಮಟ್ಟಿಗೆ ಸಾಕಾಗುತ್ತದೆ. ಆದರೆ ಮಕ್ಕಳಿಗೆ ಪಾಠ ಹೇಳುವಾಗ ನಾನು ಈ ಸೂತ್ರದ ಎದುರಿಗೆ ನವಸಾಗರವನ್ನು, ಅಂದರೆ ಅಮೋನಿಯಂ ಕ್ಲೋರೈಡನ್ನು, ತಂದು ನಿಲ್ಲಿಸುತ್ತೇನೆ. ಅದರಲ್ಲಿರುವ ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್ ಮೂರೂ ಅಲೋಹಗಳು. ಆದರೂ ಅದು ಅಡುಗೆ ಉಪ್ಪಿನಂತೆಯೇ ಹರಳುಗಟ್ಟುತ್ತದೆ, ನೀರಿನಲ್ಲಿ ಕರಗಿದಾಗ ವಿದ್ಯುತ್ತನ್ನು ಹರಿಯಗೊಡುತ್ತದೆ.

ಅಮೋನಿಯಾ ಅಣುವಿನಲ್ಲಿ ನೈಟ್ರೋಜನ್ ಮೂರು ಹೈಡ್ರೋಜನ್‌ಗಳೊಡನೆ ಇಲೆಕ್ಟ್ರಾನ್‌ಗಳನ್ನು ಹಂಚಿಕೊಂಡ ಮೇಲೂ ಅದರ ಬಳಿ ಬಂಧದಲ್ಲಿ ತೊಡಗದ ಒಂದು ಜೋಡಿ ಇಲೆಕ್ಟ್ರಾನ್ ಉಳಿದಿರುತ್ತದೆ. ಹೈಡ್ರೋಜನ್ ಕ್ಲೋರೈಡ್ ಬಿಟ್ಟುಕೊಟ್ಟ ಪ್ರೋಟಾನ್, ಅಂದರೆ ಹೈಡ್ರೋಜನ್ನಿನ ಬೀಜಕೇಂದ್ರ, ತನ್ನದೆನ್ನುವ ಒಂದು ಇಲೆಕ್ಟ್ರಾನೂ ಇಲ್ಲದೆ ಬರಿಗೈಯಲ್ಲಿ ಬಂದು ಆ ಜೋಡಿಯನ್ನು ಸೇರಿಕೊಳ್ಳುತ್ತದೆ. ಎರಡು ಇಲೆಕ್ಟ್ರಾನ್‌ಗಳನ್ನೂ ನೈಟ್ರೋಜನ್ನೇ ಒದಗಿಸಿದ್ದರೂ ಬಂಧ ಏರ್ಪಟ್ಟ ಮೇಲೆ ನಾಲ್ಕೂ ಬಂಧಗಳು ಸರಿಸಮವಾಗುತ್ತವೆ. ಅಮೋನಿಯಾದಲ್ಲಿ ಸುಮಾರು 107 ಡಿಗ್ರಿಯಷ್ಟಿದ್ದ ಬಂಧಗಳ ನಡುವಿನ ಕೋನ ಇಲ್ಲಿ 109.5 ಡಿಗ್ರಿಗೆ ಹಿಗ್ಗುತ್ತದೆ. ಅಮೋನಿಯಂ ಎಂಬ ಈ ಗುಂಪಿನಲ್ಲಿ 11 ಪ್ರೋಟಾನ್‌ಗಳೂ 10 ಇಲೆಕ್ಟ್ರಾನ್‌ಗಳೂ ಇರುವುದರಿಂದ ಒಂದು ಧನಾವೇಶ ಉಳಿಯುತ್ತದೆ. ಅದನ್ನು ಕೊನೆಗೆ ಬಂದ ಹೈಡ್ರೋಜನ್ನಿನ ತಲೆಗೆ ಕಟ್ಟುವಂತಿಲ್ಲ, ಏಕೆಂದರೆ ನಾಲ್ವರಲ್ಲಿ ಕೊನೆಗೆ ಬಂದದ್ದು ಯಾವುದೆಂದು ಗುರುತಿಸುವುದೇ ಅಸಾಧ್ಯ. ಆವೇಶ ಇಡೀ ಗುಂಪಿನದು. ಬಹುಪರಮಾಣ್ವೀಯ ಅಯಾನು, ಅಂದರೆ ಹಲವು ಪರಮಾಣುಗಳು ಕೂಡಿ ಆದ ಅಯಾನು, ಎನ್ನುವುದು ಇದಕ್ಕೇ. ಒಳಗೆ ಸಹವೇಲೆನ್ಸೀಯ ಬಂಧಗಳಿರುವ ಈ ಗುಂಪು ಹೊರಗೆ ಕ್ಲೋರೈಡ್ ಅಯಾನಿನೊಡನೆ ಅಯಾನಿಕ ಬಂಧದಿಂದ ಕೂಡಿರುತ್ತದೆ.

ಇಂಥದೇ ಇನ್ನೊಂದು ಗುಂಪಾದ, ಒಂದು ನೈಟ್ರೋಜನ್ ಮತ್ತು ಮೂರು ಆಕ್ಸಿಜನ್‌ಗಳ ನೈಟ್ರೇಟ್ ಅಯಾನಿನ ವಿಷಯದಲ್ಲಿ ನಮ್ಮ ಕಪ್ಪುಹಲಗೆಯ ಚಿತ್ರ ಇನ್ನಷ್ಟು ದಾರಿ ತಪ್ಪಿಸುತ್ತದೆ. ನೈಟ್ರೋಜನ್‌ನಿಂದ ಒಂದು ಆಕ್ಸಿಜನ್‌ಗೆ ಎರಡು ಗೆರೆ (ಜೋಡಿ ಬಂಧ), ಉಳಿದೆರಡಕ್ಕೆ ಒಂದೊಂದು ಗೆರೆ ಎಳೆಯುತ್ತೇವೆ. ಅಳೆದು ನೋಡಿದರೆ ಮೂರೂ ಬಂಧಗಳ ಉದ್ದ ಒಂದೇ, ಸುಮಾರು 124 ಪಿಕೋಮೀಟರ್. ಅಂದರೆ ಆ ಎರಡನೆಯ ಗೆರೆಯೂ ಒಂದು ಆಕ್ಸಿಜನ್ನಿನದಲ್ಲ, ಮೂರಕ್ಕೂ ಹಂಚಿಹೋದದ್ದು.

ನವಸಾಗರವನ್ನು ನೀರಿಗೆ ಹಾಕಿದಾಗ ಕ್ಲೋರೈಡ್ ಅಯಾನುಗಳು ದೂರ ಸರಿಯುತ್ತವೆಯೇ ಹೊರತು ಅಮೋನಿಯಂ ಗುಂಪು ಬಹುಪಾಲು ಒಡೆಯದೆ ಉಳಿಯುತ್ತದೆ. ಬೆಂಕಿಯ ಮಾತು ಬೇರೆ. ಕಲಾಯಿ ಹಾಕುವವರು ಕಾದ ತಾಮ್ರದ ಪಾತ್ರೆಯ ಮೇಲೆ ನವಸಾಗರವನ್ನು ಉಜ್ಜಿದಾಗ ಪ್ರೋಟಾನ್ ಮತ್ತೆ ಕ್ಲೋರೈಡಿನ ಕಡೆಗೆ ಹೋಗಿ, ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳು ಹೊರಬರುತ್ತವೆ. ಎರಡನೆಯ ಅನಿಲ ತಾಮ್ರದ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುವುದರಿಂದಲೇ ತವರ ಚೆನ್ನಾಗಿ ಹಿಡಿಯುತ್ತದೆ. ಆಗ ಏಳುವ ಬಿಳಿ ಹೊಗೆ, ತಣ್ಣನೆಯ ಗಾಳಿಯಲ್ಲಿ ಆ ಎರಡು ಅನಿಲಗಳು ಮತ್ತೆ ಕೂಡಿ ಆದ ನವಸಾಗರದ ಪುಡಿಯೇ. ಹೀಗೆ ಕಾಯಿಸಿದಾಗಲೂ ಕಡಿದುಹೋಗುವುದು ನಾಲ್ಕು ಸಹವೇಲೆನ್ಸೀಯ ಬಂಧಗಳಲ್ಲಿ ಒಂದು ಮಾತ್ರ. ಉಳಿದ ಮೂರು ಅಮೋನಿಯಾದ ಅಣುವಿನೊಡನೆ ಹಾಗೆಯೇ ಹೋಗುತ್ತವೆ.