ಜೀಪಿನ ಕೆಲಸ: ಪೈಲಟ್ ಬುಷ್‌ನ ಕಿತಾಪತಿ

ಮೂರು ವಾರಗಳಿಂದ ನನ್ನ ಎಡಗಾಲನ್ನೇ ಬೈದುಕೊಳ್ಳುತ್ತಿದ್ದ ನನಗೆ ಕಳೆದ ಭಾನುವಾರ ನಿಜವಾದ ಕಳ್ಳ ಸಿಕ್ಕಿದ್ದಾನೆ. ಎಂಜಿನ್ ಜೋಡಣೆ, ಗೇರ್ ಬಾಕ್ಸ್ ಕೂರಿಸಿದ್ದು, ಪೆಡಲ್ ಹೊಂದಾಣಿಕೆ ಎಲ್ಲವೂ ಎಂದಿನಂತೆ ಮುಗಿದಿದ್ದವು. ಹಳೆಯ ಸಿಜೆ-3ಬಿ ಜೀಪು ತುಮಕೂರಿನೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರು ಹತ್ತುವಾಗ, ಎರಡನೇ ಗೇರಿನಲ್ಲಿ ಎಂಜಿನ್ ಏದುಸಿರು ಬಿಡತೊಡಗಿದಾಗ, ಓಡುತ್ತಲೇ ಮೊದಲ ಗೇರಿಗೆ ಇಳಿಸಹೋದರೆ ಜಲ್ಲಿ ಕ್ರಷರಿನ ಸದ್ದು ಕೇಳುತ್ತಿತ್ತು.

ಇದರ ಟಿ-90 ಗೇರ್ ಬಾಕ್ಸಿನಲ್ಲಿ ಎರಡಕ್ಕೂ ಮೂರಕ್ಕೂ ಸಿಂಕ್ರೊಮೆಶ್ (ಗೇರು ಬೀಳುವ ಮುನ್ನ ಎರಡೂ ಕಡೆಯ ವೇಗವನ್ನು ತಾನೇ ಹೊಂದಿಸುವ ಏರ್ಪಾಡು) ಇದೆ, ಮೊದಲನೆಯದಕ್ಕೆ ಇಲ್ಲ. ಮೊದಲ ಗೇರಿನ ಅನುಪಾತ 2.798, ಎರಡನೆಯದು 1.551. ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಮೊದಲ ಗೇರಿಗೆ ಸುಮಾರು 1,800 ಬೇಕು. ಒಂದೇ ಸಲ ಕ್ಲಚ್ ಒತ್ತಿ ಗೇರ್ ತಳ್ಳಿದರೆ, ಕ್ಲಚ್ಚಿನಿಂದ ಗೇರ್ ಬಾಕ್ಸಿಗೆ ತಿರುಗುವಿಕೆಯನ್ನು ಒಯ್ಯುವ ಇನ್‌ಪುಟ್ ಶಾಫ್ಟಿನ ವೇಗ ಏರಿಸುವವರು ಯಾರು? ಅದಕ್ಕಾಗಿಯೇ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಕೊಟ್ಟು, ಶಾಫ್ಟು ವೇಗ ಹಿಡಿದೊಡನೆ ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಹಳೆಯ ಲಾರಿ ಚಾಲಕರಿಗೆ ಈ ಡಬಲ್ ಕ್ಲಚ್ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ನನ್ನದು ಸತ್ಯನಾರಾಯಣ ಪೂಜೆಯಷ್ಟು ನಿಧಾನವಾದ್ದರಿಂದ ತಪ್ಪು ನನ್ನದೇ ಎಂದು ನಂಬಿದ್ದೆ.

ಅನುಮಾನ ಹುಟ್ಟಿದ್ದು ಮನೆಯಂಗಳದಲ್ಲಿ. ನಿಂತ ಜೀಪಿನಲ್ಲಿ ಕ್ಲಚ್ ಪೂರ್ತಿ ಒತ್ತಿ, ಹತ್ತು ಎಣಿಸಿ ರಿವರ್ಸ್ ಹಾಕಿದರೂ ಹಲ್ಲುಗಳು ಕಡಿದವು. ಕ್ಲಚ್ ಪ್ಲೇಟು ಎಂಜಿನ್ನಿನಿಂದ ಬಿಟ್ಟಿದ್ದರೆ ಅಷ್ಟರಲ್ಲಿ ಶಾಫ್ಟು ನಿಂತಿರಬೇಕಿತ್ತು. ಪೆಡಲಿನ ಫ್ರೀ ಪ್ಲೇ (ಕ್ಲಚ್ ಅಲುಗುವ ಮುನ್ನದ ಸಡಿಲ ಚಲನೆ) ತಗ್ಗಿಸಿದರೂ ಪ್ರಯೋಜನವಾಗದೆ ಗೇರ್ ಬಾಕ್ಸನ್ನು ಮತ್ತೆ ಇಳಿಸಿದೆ. ಸೊಂಟ ಅದನ್ನಿನ್ನೂ ಮರೆತಿಲ್ಲ. ಪ್ಲೇಟು ಸೊಟ್ಟಗಾಗಿರಲಿಲ್ಲ, ಶಾಫ್ಟಿನ ಉದ್ದುದ್ದ ಹಲ್ಲುಗಳಾದ ಸ್ಪ್ಲೈನ್‌ಗಳ ಮೇಲೆ ಸಲೀಸಾಗಿಯೇ ಜಾರಿತು. ಆದರೆ ಶಾಫ್ಟಿನ ಮೂತಿ ಕಾದು ನೀಲಿಗಟ್ಟಿತ್ತು.

ಆ ಮೂತಿ ಕೂರುವುದು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿರುವ ಪುಟ್ಟ ಕಂಚಿನ ಕೊಳವೆಯಾದ ಪೈಲಟ್ ಬುಷ್‌ನಲ್ಲಿ. "ಹಾಗೇ ಬಡಿದು ಕೂರಿಸಿ ಸಾರ್, ರೀಮರ್ ಬೇಡ" ಎಂದು ಬೆಂಗಳೂರಿನ ಅಂಗಡಿಯವರು ಹೇಳಿದ್ದನ್ನು ನಂಬಿದ್ದೆ. ರೀಮರ್ ಎಂದರೆ ರಂಧ್ರದ ಒಳಬದಿಯನ್ನು ಸರಿಯಾದ ಅಳತೆಗೆ ಸವರುವ ಉಪಕರಣ. ಬಿಗಿಯಾಗಿ ಕೂತ ಬುಷ್‌ನ ಒಳಬಾಯಿ ಕಿರಿದಾಗಿ ಶಾಫ್ಟನ್ನು ಕಚ್ಚಿಕೊಂಡಿತ್ತು. ಪ್ಲೇಟು ಬಿಟ್ಟರೂ ಬುಷ್ ಬಿಡುತ್ತಿರಲಿಲ್ಲ. ನಾನು 1,800ಕ್ಕೆ ಏರಿಸಿದ ಶಾಫ್ಟನ್ನು, ಎರಡನೆಯ ಸಲ ಕ್ಲಚ್ ಒತ್ತಿ ಆಕ್ಸಿಲರೇಟರ್ ಬಿಟ್ಟೊಡನೆ, ಇಳಿಯುತ್ತಿದ್ದ ಎಂಜಿನ್ ತನ್ನೊಂದಿಗೇ ಕೆಳಕ್ಕೆ ಎಳೆಯುತ್ತಿತ್ತು.

ಬುಷ್ ತೆಗೆಯಲು ಬೇಕರಿಯಿಂದ ಎರಡು ಬನ್ ತಂದೆ. ಒಂದನ್ನು ನೀರಿನಲ್ಲಿ ನೆನೆಸಿ ರಂಧ್ರಕ್ಕೆ ತುರುಕಿ, ಒಳ ಅಳತೆಗೆ ಸರಿಹೊಂದುವ ಸರಳಿಟ್ಟು ಸುತ್ತಿಗೆಯಿಂದ ಹೊಡೆದಂತೆಲ್ಲ ಹಿಂದಿನ ಒತ್ತಡಕ್ಕೆ ಬುಷ್ ಕೂದಲೆಳೆಯಷ್ಟೇ ಮುಂದೆ ಬಂದು, ಕೊನೆಗೆ ಹಿಟ್ಟಿನ ಸಮೇತ ಕೈಗೆ ಬಿತ್ತು. ಗ್ರೀಸಿನಿಂದಲೂ ಇದು ಆಗುತ್ತದೆ, ಆದರೆ ಉಳಿದ ಗ್ರೀಸನ್ನು ಚಹಾದೊಂದಿಗೆ ತಿನ್ನಲಾಗದು. ಹೊಸ ಬುಷ್ ಕೂರಿಸಿದ ಮೇಲೆ, ಪರಿಚಯದ ಟರ್ನರ್ ಒಬ್ಬರು ಮನೆಗೇ ಬಂದು ರೀಮರ್ ಆಡಿಸಿಕೊಟ್ಟರು.

ಇಷ್ಟಾದ ಮೇಲೆ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿರುವ ಯೆಜ್ಡಿಯ ಮೇಲೆ ಮನಸ್ಸು ಹೋಗಿದೆ. ಮೈಸೂರಿನಲ್ಲಿ ತಯಾರಾದ ಆ ಬೈಕಿನಲ್ಲಿ ಗೇರ್ ಲಿವರನ್ನು ಒತ್ತಿದರೆ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಮಳೆಗಾಲಕ್ಕೆ ಮುಂಚೆ ಅದರ ಕವರು ಬಿಚ್ಚಬೇಕು.

ಜೀಪಿನ ರಿವರ್ಸ್ ಈಗ ಸದ್ದಿಲ್ಲದೆ ಬೀಳುತ್ತದೆ. ನಿನ್ನೆ ದುರ್ಗದ ಏರಿನಲ್ಲಿ ನಾಲ್ಕು ಸಲ ಮೊದಲ ಗೇರಿಗೆ ಇಳಿಸಿದೆ, ಮೂರು ಸಲ ನುಣ್ಣಗೆ ಕೂತಿತು. ನಾಲ್ಕನೆಯದು ಮಾತ್ರ ನನ್ನ ಎಡಗಾಲಿನದೇ ತಪ್ಪು.