ನಲವತ್ತೈದು ದಾಟಿದ ಮೇಲೆ ಮತ್ತೆ ಉಲ್ಲನ್ ಚೆಂಡು

ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಕಡೆ ಮಂಜು ಸರಿದು ನಂದಿ ಬೆಟ್ಟ ಕಾಣುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಅಲ್ಲಿಯವರೆಗೆ ಉಲ್ಲನ್ ಚೆಂಡನ್ನು ಜೇಬಿನಿಂದ ತೆಗೆಯಬಾರದು. ಹೈಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ (ಶಟಲ್ ಬದಲು ಉಲ್ಲನ್ ಚೆಂಡಿನಲ್ಲಿ ಆಡುವ ಆಟ) ಆಡಿ, ಕೆಲಸ ಸಂಸಾರ ಅಂತ ಬಿಟ್ಟು, ಈಗ ಮತ್ತೆ ಕೋರ್ಟಿಗೆ ಇಳಿದಿರುವ ನಮ್ಮಂಥವರ ಭಾನುವಾರದ ಆಟ ಶುರುವಾಗುವುದೇ ಈ ಕಾಯುವಿಕೆಯಿಂದ.

ಒಣಗಿದ ಚೆಂಡು ಮೂವತ್ತು ಗ್ರಾಮಿನೊಳಗೇ ಇರುತ್ತದೆ. ಒದ್ದೆ ನೆಲಕ್ಕೆ ನಾಲ್ಕು ಸಲ ಬಿದ್ದರೆ ಸಾಕು, ಉಣ್ಣೆ ನೀರು ಕುಡಿದು, ಕೆಮ್ಮಣ್ಣು ಮೆತ್ತಿಕೊಂಡು ಭಾರವಾಗುತ್ತದೆ. ಹೊಡೆದರೆ ಹಾರುವುದಿಲ್ಲ. ಬಹಳ ವರ್ಷದ ಮೇಲೆ ರ್‍ಯಾಕೆಟ್ ಹಿಡಿದವರು ತಮ್ಮ ಕೈಯಲ್ಲೇ ಶಕ್ತಿ ಇಲ್ಲವೆಂದುಕೊಂಡು ಇನ್ನೂ ಜೋರಾಗಿ ಬೀಸುತ್ತಾರೆ. ಮರುದಿನ ಮೊಣಕೈಯ ಹೊರಬದಿ ಹಿಡಿದುಕೊಂಡು, ನೀರು ತುಂಬಿದ ಚೊಂಬು ಎತ್ತುವುದೂ ಕಷ್ಟವಾಗುತ್ತದೆ. ಎರಡು ಚೆಂಡು ಇಟ್ಟುಕೊಂಡು, ಒಂದು ಒದ್ದೆಯಾದ ಕೂಡಲೇ ಬಿಸಿಲಿಗಿಟ್ಟು ಇನ್ನೊಂದರಲ್ಲಿ ಆಡುವುದು ಲೇಸು. ಅಭ್ಯಾಸದಲ್ಲಿ ಹೀಗೆ ಬದಲಿಸಿದರೆ ಯಾರೂ ಕೇಳುವುದಿಲ್ಲ.

ಅಟ್ಟದ ಮೇಲಿನ ಹಳೇ ಮರದ ರ್‍ಯಾಕೆಟ್ ಇಳಿಸಿ ತರುವವರೂ ಇದ್ದಾರೆ. ನಾಲ್ಕು ಸ್ಕ್ರೂ ಇರುವ ಪ್ರೆಸ್‌ನಲ್ಲಿ ಬಿಗಿದಿಡದಿದ್ದರೆ ಅದರ ಚೌಕಟ್ಟು ಸೊಟ್ಟಗಾಗಿರುತ್ತದೆ. ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದರೆ ಗೊತ್ತಾಗುತ್ತದೆ. ಸೊಟ್ಟಗಿದ್ದರೆ ಗೋಡೆಗೆ ತೂಗುಹಾಕಿ, ಹೊಸದು ಕೊಳ್ಳಿ: 165ರಿಂದ 185 ಗ್ರಾಂ ತೂಕ, ಉದ್ದ 70 ಸೆಂಟಿಮೀಟರ್ ಮೀರದಿರಲಿ. ಗಟ್ (ಹೆಣೆದ ತಂತಿ) ಹಾಕಿಸುವಾಗ ಸ್ವಲ್ಪ ಸಡಿಲ ಇರಲಿ ಎಂದು ಹೇಳಿ. ಬಿಗಿ ಗಟ್‌ನ ಪೆಟ್ಟು ನೇರ ಮೊಣಕೈಗೆ ಹೋಗುತ್ತದೆ. ಸಡಿಲವಿದ್ದರೆ ಗುರಿ ತುಸು ತಪ್ಪಬಹುದು, ಆದರೆ ಚೆಂಡು ಕಡಿಮೆ ಶ್ರಮಕ್ಕೇ ದೂರ ಹೋಗುತ್ತದೆ.

ಕೋರ್ಟ್ 24 ಮೀಟರ್ ಉದ್ದ, 12 ಮೀಟರ್ ಅಗಲ. ಒಂದೊಂದು ಕಡೆಗೆ ಐದು ಜನ. ಮುಂದೆ ಇಬ್ಬರು, ಮಧ್ಯೆ ಒಬ್ಬ, ಹಿಂದೆ ಇಬ್ಬರು. ವಯಸ್ಸಾದವರು ಬಂದರೆ ಹುಡುಗರು ಹೇಳುವುದು ಒಂದೇ: “ಅಂಕಲ್, ನೀವು ಫ್ರಂಟ್‌ನಲ್ಲಿ ನಿಂತ್ಕೊಳ್ಳಿ, ಓಡೋದು ಕಮ್ಮಿ.” ಗೌರವದಿಂದ ಹೇಳುವ ಮಾತೇ, ಆದರೂ ಕೇಳಬಾರದು. ಫ್ರಂಟ್‌ನಲ್ಲಿ ಓಟ ಕಡಿಮೆ, ನಿಜ. ಆದರೆ ಸದಾ ಮೊಣಕಾಲು ಅರ್ಧ ಬಗ್ಗಿಸಿ ನಿಲ್ಲಬೇಕು, ಸ್ಮ್ಯಾಷ್ ಬಂದರೆ ಯೋಚಿಸಲು ಸಮಯವೇ ಇರುವುದಿಲ್ಲ. ಹಿಂದೆ ನಿಂತವರಿಗೆ ಚೆಂಡು ಕಾಣಲು ಒಂದು ಕ್ಷಣ ಹೆಚ್ಚು ಸಿಗುತ್ತದೆ. ಮೊದಲ ಎರಡು ತಿಂಗಳು ಹಿಂದೆ ನಿಂತು, ಸ್ಮ್ಯಾಷ್ ಬಿಟ್ಟು, ಎತ್ತರಕ್ಕೆ ಎತ್ತಿ ಕಳಿಸುವುದನ್ನಷ್ಟೇ ಮಾಡಿ. ಸೆಂಟರ್ ಜಾಗ ಹುಡುಗರಿಗೇ ಇರಲಿ. ಹಿಂದೆ ಮುಂದೆ ಎರಡಕ್ಕೂ ಓಡಬೇಕು.

ಬೈಫೋಕಲ್ ಕನ್ನಡಕ ಹಾಕಿಕೊಂಡು ಆಡಬೇಡಿ. ಕಾಲ ಬಳಿ ಇಳಿಯುವ ಚೆಂಡು ಕೆಳಗಿನ ಗಾಜಿನಲ್ಲಿ ಮಸುಕಾಗುತ್ತದೆ, ರ್‍ಯಾಕೆಟ್ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ದೂರ ನೋಡಲು ಬಳಸುವ ಒಂದೇ ನಂಬರಿನ ಕನ್ನಡಕ, ಹಿಂದೆ ದಾರ ಕಟ್ಟಿದ್ದು, ಆಟಕ್ಕೆಂದೇ ಬೇರೆ ಇರಲಿ.

ಎಲ್ಲಕ್ಕಿಂತ ಜಾಗ್ರತೆ ಬೇಕಿರುವುದು ಮೀನಖಂಡಕ್ಕೆ. ಮೊದಲ ವಾರ ಎಲ್ಲರೂ ಹುಷಾರಾಗಿರುತ್ತಾರೆ. ಮೂರು ನಾಲ್ಕು ವಾರ ಕಳೆದರೆ ಉಸಿರು ಪಳಗುತ್ತದೆ, ಧೈರ್ಯ ಬರುತ್ತದೆ. ಸ್ನಾಯುವಿನ ತುದಿಯ ರಜ್ಜುಗಳು ಗಟ್ಟಿಯಾಗಲು ಮಾತ್ರ ತಿಂಗಳುಗಳೇ ಬೇಕು. ನೆಟ್ ಹತ್ತಿರ ಬಿದ್ದ ಚೆಂಡಿಗೆ ಥಟ್ಟನೆ ಮುನ್ನುಗ್ಗಿದಾಗ ಹಿಂದಿನಿಂದ ಯಾರೋ ಕಲ್ಲು ಬೀಸಿದಂತಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ, ಹರಿದಿರುವುದು ಮೀನಖಂಡದ ಸ್ನಾಯು. ಆಗ ಅಲ್ಲೇ ಕೂತು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲು ಎತ್ತರಕ್ಕಿಟ್ಟು ಡಾಕ್ಟರಿಗೆ ತೋರಿಸಬೇಕು. ನಮ್ಮ ಕಡೆ ತಕ್ಷಣ ಎಣ್ಣೆ ಕಾಯಿಸಿ ತಿಕ್ಕುವ ರೂಢಿ ಇದೆ. ಮೊದಲ ಎರಡು ಮೂರು ದಿನ ತಿಕ್ಕಲೇಬೇಡಿ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಹೀಗಾಗದಿರಲು ಆಟಕ್ಕೆ ಮೊದಲು ಹತ್ತು ನಿಮಿಷ ಬಿರುಸು ನಡಿಗೆ, ಮನೆಯಲ್ಲಿ ದಿನ ಬಿಟ್ಟು ದಿನ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಹದಿನೈದು ಸಲ. ದಪ್ಪ ಹಿಮ್ಮಡಿಯ ಓಟದ ಶೂ ಬೇಡ, ಪಕ್ಕಕ್ಕೆ ಸರಿದಾಗ ಕಾಲು ಉಳುಕುತ್ತದೆ. ಚಪ್ಪಟೆ ರಬ್ಬರ್ ತಳದ್ದೇ ಸರಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಇಳಿಯಬಾರದು. ಎದೆ ಬಿಗಿದರೆ ಆಟ ನಿಲ್ಲಿಸಿ ನೇರ ಆಸ್ಪತ್ರೆಗೆ.

ನಾವು ಹುಡುಗರಾಗಿದ್ದಾಗ ಗೇಮ್ 29 ಪಾಯಿಂಟಿಗೆ ಮುಗಿಯುತ್ತಿತ್ತು, ಈಗ 35. ಶುರುವಿನಲ್ಲಿ ಹದಿನೈದಕ್ಕೇ ನಿಲ್ಲಿಸಿ, ಉಳಿದ ಹೊತ್ತು ಸರ್ವಿಸ್ ಹೊಡೆಯಿರಿ. ಎಷ್ಟು ವರ್ಷ ಬಿಟ್ಟಿದ್ದರೂ ಮೊದಲು ಮರಳುವುದು ಮಣಿಕಟ್ಟಿನ ಕಟ್. ಸೊಂಟದ ಕೆಳಗೆ ಚೆಂಡು ಹಿಡಿದು, ರ್‍ಯಾಕೆಟ್ಟಿನ ಮುಖ ಓರೆ ಮಾಡಿ ಚೆಂಡಿನ ಹೊಟ್ಟೆಯನ್ನು ಸವರಿದಂತೆ ಎಳೆದರೆ ಗಟ್‌ಗೆ ಉಣ್ಣೆ ಕಚ್ಚಿಕೊಂಡು ಚೆಂಡು ಗಾಳಿಯಲ್ಲೇ ವಾಲುತ್ತದೆ. ನೆಟ್‌ನಿಂದ ಒಂದು ಮೀಟರಿನ ಗೆರೆ ದಾಟಿ, ಎದುರಿನ ಓರೆ ಅಂಕಣದಲ್ಲಿ ಇಳಿಯಬೇಕು. ಇಷ್ಟು ಬಂತೆಂದರೆ, ಕಾಲು ಇನ್ನೂ ನಿಧಾನವಿದ್ದರೂ ಇಪ್ಪತ್ತರ ಹುಡುಗರ ಮೇಲೆ ಪಾಯಿಂಟ್ ಬರುತ್ತದೆ.